ರೆಟಾಟ್ರುಟೈಡ್: ಮೂರು ಹಾರ್ಮೋನಿನ ಕೆಲಸ ಒಂದೇ ಸೂಜಿಯಲ್ಲಿ. ಆ ಶೇ. 28.7 ಎಷ್ಟು ಗಟ್ಟಿ?

ಕುತೂಹಲಿ
ತೂಕ ಇಳಿಸೋ ಚುಚ್ಚುಮದ್ದುಗಳಾದ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಗ್ಗೆ ಇಲ್ಲಿ ಸಾಕಷ್ಟು ಚರ್ಚೆ ಆಗಿದೆ. ಈಗ ಎಲ್ಲರ ಬಾಯಲ್ಲೂ ಅದೇ ಬಗೆಯ ಹೊಸ ಔಷಧಿ ರೆಟಾಟ್ರುಟೈಡ್. 68 ವಾರಕ್ಕೆ ಸರಾಸರಿ ಶೇ. 28.7 ತೂಕ ಇಳಿಯಿತು ಅಂತ ತಯಾರಕರಾದ ಲಿಲ್ಲಿ ಕಂಪನಿ 2025ರ ಡಿಸೆಂಬರಿನಲ್ಲಿ ಹೇಳಿಕೊಂಡಿತು. ತೂಕ ಇಳಿಸೋ ಹೊಟ್ಟೆಯ ಆಪರೇಷನ್ನಿಗೆ ಹತ್ತಿರದ ಅಂಕಿ ಇದು. ಹಸಿವು ನಿಜವಾಗಿ ಎಲ್ಲಿ, ಹೇಗೆ ಕಡಿಮೆ ಆಗುತ್ತೆ? ಮೂರನೇ ಹಾರ್ಮೋನ್ ಗ್ಲುಕಗಾನ್ ಅಂತೆ, ಅದು ಸಕ್ಕರೆ ಏರಿಸೋ ಹಾರ್ಮೋನ್ ಅಲ್ಲವಾ, ಅದನ್ನ ಯಾಕೆ ಸೇರಿಸಿದರು? ಮತ್ತೆ ಆ 28.7ನ್ನ ಹೇಗೆ ಓದಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಯಾಕ್‌ಸ್ವಾಮಿ
ಕಂಪನಿ ಪ್ರಕಟಣೆಯಲ್ಲಿ ಯಾವತ್ತಾದರೂ ಕೆಟ್ಟ ಅಂಕಿ ನೋಡಿದ್ದೀರಾ?

ಜೀವರಸ
ಮೊದಲು ಅಣುವಿನಿಂದ ಶುರು ಮಾಡೋಣ. ಊಟದ ನಂತರ ಕರುಳಿಂದ ಬರೋ ಸಹಜ ಹಾರ್ಮೋನ್ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷ ಬಾಳಿದರೆ ಹೆಚ್ಚು. ಡಿಪಿಪಿ-4 ಅನ್ನೋ ಕಿಣ್ವ ಅದರ ತುದಿ ಕತ್ತರಿಸಿಬಿಡುತ್ತೆ. ರೆಟಾಟ್ರುಟೈಡ್ 39 ಅಮೈನೋ ಆಮ್ಲಗಳ ಸರಪಳಿ, ಅಂದರೆ ಪೆಪ್ಟೈಡ್. ಕತ್ತರಿ ಬೀಳೋ ಜಾಗದಲ್ಲಿ ಕಿಣ್ವಕ್ಕೆ ಜಗ್ಗದ ಬೇರೆ ಅಮೈನೋ ಆಮ್ಲ ಕೂರಿಸಿದ್ದಾರೆ. ಜೊತೆಗೆ 20 ಇಂಗಾಲದ ಕೊಬ್ಬಿನಾಮ್ಲದ ಬಾಲ ಅಂಟಿಸಿದ್ದಾರೆ. ಆ ಬಾಲ ರಕ್ತದ ಆಲ್ಬುಮಿನ್ ಹಿಡಿದುಕೊಂಡು ತೇಲುತ್ತೆ, ಮೂತ್ರಪಿಂಡ ಸುಲಭಕ್ಕೆ ಸೋಸಿ ಹೊರಹಾಕಲ್ಲ. ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಔಷಧಿ ಅರ್ಧಕ್ಕೆ ಇಳಿಯೋ ಹೊತ್ತು, ಸುಮಾರು 6 ದಿನ. ವಾರಕ್ಕೊಂದೇ ಚುಚ್ಚುಮದ್ದು ಸಾಕಾಗೋದು ಇದಕ್ಕೇ.

ಇದೇ ಅಣು ಮೂರು ರಿಸೆಪ್ಟರ್‌ಗಳ (ಜೀವಕೋಶದಲ್ಲಿ ಹಾರ್ಮೋನ್ ಬಂದು ಕೂರೋ ಜಾಗ) ಮೇಲೆ ಕೂರುತ್ತೆ: ಜಿಐಪಿ (ಇದೂ ಕರುಳಿನ ಹಾರ್ಮೋನೇ), ಜಿಎಲ್‌ಪಿ-1, ಗ್ಲುಕಗಾನ್. ಆದರೆ ಸಮಸಮ ಅಲ್ಲ. ಸಹಜ ಹಾರ್ಮೋನಿಗೆ ಹೋಲಿಸಿದರೆ ಮನುಷ್ಯರ ಜಿಐಪಿ ರಿಸೆಪ್ಟರ್ ಮೇಲೆ ಇದರ ಶಕ್ತಿ 8.9 ಪಟ್ಟು. ಜಿಎಲ್‌ಪಿ-1ರ ಮೇಲೆ 0.4, ಗ್ಲುಕಗಾನ್ ಮೇಲೆ 0.3 ಪಟ್ಟು ಮಾತ್ರ. ಗ್ಲುಕಗಾನ್ ಕಡೆ ಬೇಕಂತಲೇ ಕೈ ಬಿಗಿ ಹಿಡಿದಿದ್ದಾರೆ.

ಹಸಿವಿನ ವಿಷಯ. ಮಿದುಳಿನ ಕಾಂಡದಲ್ಲಿ ಏರಿಯಾ ಪೋಸ್ಟ್ರೀಮಾ ಅಂತ ಒಂದು ಜಾಗ ಇದೆ. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಅಲ್ಲಿ ಸಡಿಲ, ಇಂಥ ಪೆಪ್ಟೈಡ್ ನೇರ ತಲುಪುತ್ತೆ. ಮಿದುಳಿನ ಇನ್ನೊಂದು ಜಾಗವಾದ ಹೈಪೋಥಲಮಸ್‌ನ ಆರ್ಕ್ಯುಯೇಟ್ ಭಾಗದಲ್ಲಿ ಎರಡು ಬಗೆಯ ನರಕೋಶ ಇವೆ. ತೃಪ್ತಿ ಸಾರೋ ಪಿಓಎಂಸಿ ಕೋಶಗಳು ಚುರುಕಾಗುತ್ತವೆ, ಹಸಿವು ಎಬ್ಬಿಸೋ ಎಜಿಆರ್‌ಪಿ ಕೋಶಗಳು ತಣ್ಣಗಾಗುತ್ತವೆ. ವಾಂತಿ, ಓಕರಿಕೆಯ ಜಾಲವೂ ಅದೇ ಏರಿಯಾ ಪೋಸ್ಟ್ರೀಮಾದ ಸುತ್ತಲೇ ಇರೋದು. ಹಸಿವು ಕಡಿಮೆ ಆಗೋದೂ ಹೊಟ್ಟೆ ತೊಳಸೋದೂ ಜೊತೆಯಲ್ಲಿ ಬರೋದು ಸುಮ್ಮನೆ ಅಲ್ಲ.

ತೂಕಡಿಕೆ
ಹೊಟ್ಟೆ ನಿಧಾನ ಖಾಲಿ ಆಗುತ್ತೆ, ಅದಕ್ಕೇ ಹಸಿವಾಗಲ್ಲ ಅಂತಲ್ಲವಾ ಎಲ್ಲರೂ ಹೇಳೋದು?

ಜೀವರಸ
ಶುರುವಿನ ವಾರಗಳಲ್ಲಿ ಹೌದು. ಆದರೆ ದೀರ್ಘಾವಧಿ ಔಷಧಿಗಳಲ್ಲಿ ಆ ಪರಿಣಾಮ ವಾರಗಳು ಕಳೆದಂತೆ ಬಹಳಷ್ಟು ಮಾಸಿಹೋಗುತ್ತೆ. ತೂಕ ಮಾತ್ರ ವರ್ಷದವರೆಗೂ ಇಳಿಯುತ್ತಲೇ ಇರುತ್ತೆ. ಹೊಟ್ಟೆಯೇ ಮುಖ್ಯ ಕಾರಣ ಆಗಿದ್ದರೆ ಈ ಲೆಕ್ಕ ತಾಳೆ ಆಗಲ್ಲ.

ಇನ್ನು ಗ್ಲುಕಗಾನ್. ಯಕೃತ್ತಿನಲ್ಲಿ ಕೊಬ್ಬು ಸುಡೋದನ್ನ ಹೆಚ್ಚಿಸುತ್ತೆ, ದೇಹದ ಶಕ್ತಿ ಖರ್ಚು ಏರಿಸುತ್ತೆ, ತನ್ನಷ್ಟಕ್ಕೆ ಹಸಿವನ್ನೂ ಸ್ವಲ್ಪ ತಗ್ಗಿಸುತ್ತೆ. ಸಕ್ಕರೆ ಏರಿಸೋ ಗುಣ ಇದೆ ನಿಜ, ಆದರೆ ಜಿಐಪಿ ಮತ್ತು ಜಿಎಲ್‌ಪಿ-1 ಎರಡೂ ಇನ್ಸುಲಿನ್ ಹೆಚ್ಚಿಸಿ ಅದನ್ನ ಸರಿದೂಗಿಸುತ್ತವೆ. ಮಧುಮೇಹಿಗಳ ಎರಡನೇ ಹಂತದ ಪ್ರಯೋಗದಲ್ಲಿ 12 ಮಿ.ಗ್ರಾಂ ಗುಂಪಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 24 ವಾರಕ್ಕೆ ಸುಮಾರು 2 ಅಂಶ ಇಳಿದಿತ್ತು. ಒಟ್ಟು ಫಲ ಸಕ್ಕರೆ ಇಳಿಕೆಯೇ.

ಅಂಕಿಗಣ್ಣು
"ಶಕ್ತಿ ಖರ್ಚು ಏರಿಸುತ್ತೆ" ಅಂತ ಅಷ್ಟು ಸಲೀಸಾಗಿ ಹೇಳಬೇಡಿ ಸ್ವಾಮಿ. ಈ ಔಷಧಿಯ ವಿಷಯದಲ್ಲಿ ಅದು ಇಲಿಗಳಲ್ಲಿ ಕಂಡದ್ದು. 2022ರ ಪ್ರಬಂಧದಲ್ಲಿ ಇಲಿಗಳ ತೂಕ ಇಳಿಕೆಯ ಒಂದು ಪಾಲು ಗ್ಲುಕಗಾನ್ ರಿಸೆಪ್ಟರ್ ಮೂಲಕ ಖರ್ಚು ಏರಿದ್ದರಿಂದ ಅಂತ ತೋರಿಸಿದರು. ಇಲಿಯ ದೇಹ ಮೈ ಬಿಸಿ ಕಾಯ್ದುಕೊಳ್ಳೋಕೇ ಶಕ್ತಿಯ ದೊಡ್ಡ ಪಾಲು ಸುರಿಯುತ್ತೆ. ಮನುಷ್ಯನ ಲೆಕ್ಕವೇ ಬೇರೆ. ಮನುಷ್ಯರ ಪ್ರಯೋಗಗಳಲ್ಲಿ ಅಳೆದಿರೋದು ತೂಕ. ಆ ಇಳಿಕೆಯಲ್ಲಿ ಎಷ್ಟು ಪಾಲು ಕಡಿಮೆ ತಿಂದದ್ದರಿಂದ, ಎಷ್ಟು ಪಾಲು ಹೆಚ್ಚು ಸುಟ್ಟದ್ದರಿಂದ ಅಂತ ತೂಕದ ಯಂತ್ರ ಹೇಳಲ್ಲ.

ಜೀವರಸ
ಪಾಲಿನ ಮಾತು ಒಪ್ಪಿದೆ. ಆದರೆ ಯಕೃತ್ತಿನ ಕೊಬ್ಬು ನೋಡಿ. ಎರಡನೇ ಹಂತದ ಉಪಅಧ್ಯಯನದಲ್ಲಿ 98 ಜನರ ಯಕೃತ್ತನ್ನ ಎಂಆರ್‌ಐನಲ್ಲಿ ಅಳೆದರು. 12 ಮಿ.ಗ್ರಾಂ ಗುಂಪಿನಲ್ಲಿ 24 ವಾರಕ್ಕೇ ಶೇ. 82.4 ಕೊಬ್ಬು ಮಾಯ. ಯಕೃತ್ತಿನಲ್ಲಿ ಗ್ಲುಕಗಾನ್ ರಿಸೆಪ್ಟರ್ ದಂಡಿಯಾಗಿವೆ, ಜಿಎಲ್‌ಪಿ-1 ರಿಸೆಪ್ಟರ್ ಇಲ್ಲವೇ ಇಲ್ಲ ಅನ್ನಬಹುದು. ಮೂರನೇ ಹಾರ್ಮೋನ್ ಸುಮ್ಮನೆ ಕೂತಿಲ್ಲ.

ಅಂಕಿಗಣ್ಣು
ತೂಕ ಇಳಿದರೂ ಯಕೃತ್ತಿನ ಕೊಬ್ಬು ಕರಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇರಲಿ, ಈ ಜಗಳ ಇಲ್ಲಿ ಬಗೆಹರಿಯಲ್ಲ.

ಕುತೂಹಲಿಯವರ 28.7ಕ್ಕೆ ಬರ್ತೀನಿ. ಅದು ಟ್ರಯಂಫ್-4 ಅನ್ನೋ ಮೂರನೇ ಹಂತದ ಪ್ರಯೋಗ. 445 ಜನ, ಬೊಜ್ಜಿನ ಜೊತೆ ಮಂಡಿ ಸವೆತದ ನೋವಿದ್ದವರು, ಮಧುಮೇಹ ಇಲ್ಲದವರು. ಅಲ್ಲಿ ನೋಡಬೇಕಾದ ಮೊದಲ ಸಾಲು "ಎಫಿಕಸಿ ಎಸ್ಟಿಮಾಂಡ್". ಅಂದರೆ, ಎಲ್ಲರೂ ಔಷಧಿ ಬಿಡದೆ ಕೊನೆವರೆಗೂ ತಗೊಂಡಿದ್ದರೆ ಎಷ್ಟು ಇಳಿಯುತ್ತಿತ್ತು ಅನ್ನೋ ಅಂದಾಜು. ನಿಜ ಜೀವನದಲ್ಲಿ ಜನ ಅರ್ಧಕ್ಕೆ ಬಿಡ್ತಾರೆ. ಬಿಟ್ಟವರನ್ನೂ ಸೇರಿಸಿ ಎಣಿಸೋದು ಇನ್ನೊಂದು ಲೆಕ್ಕ, ಅದು ಸಾಮಾನ್ಯವಾಗಿ ಚಿಕ್ಕದು.

ಎರಡರ ನಡುವಿನ ಅಂತರ ಗೊತ್ತಾಗಬೇಕಾದರೆ ತೂಕ ಇಳಿಸೋ ಇನ್ನೊಂದು ಔಷಧಿ ಕ್ಯಾಗ್ರಿಸೆಮಾ ನೋಡಿ. ಒಂದೇ ಪ್ರಯೋಗ, ಅದೇ 3417 ಜನ, ಅದೇ 68 ವಾರ. ಎಲ್ಲರೂ ಪಾಲಿಸಿದ್ದರೆ ಅನ್ನೋ ಲೆಕ್ಕದಲ್ಲಿ ಶೇ. 22.7, ಬಿಟ್ಟವರನ್ನೂ ಸೇರಿಸಿದರೆ ಶೇ. 20.4. ಒಂದು ಔಷಧಿಯ ಮೊದಲ ಬಗೆಯ ಅಂಕಿಯನ್ನ ಇನ್ನೊಂದರ ಎರಡನೇ ಬಗೆಯ ಅಂಕಿ ಪಕ್ಕ ಇಟ್ಟು "ಇದೇ ಗೆದ್ದಿತು" ಅನ್ನೋ ಪೋಸ್ಟ್‌ಗಳು ದಿನಾ ಬರ್ತವೆ.

ಎರಡನೆಯದು ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಹುಸಿ ಸೂಜಿ. ಟ್ರಯಂಫ್-4ರಲ್ಲಿ ಪ್ಲಸೀಬೊ ಗುಂಪೂ ಶೇ. 2.1 ಇಳಿದಿದೆ, ಅದನ್ನ ಕಳೀಬೇಕು. ಮೂರನೆಯದು, ಈ ಪ್ರಯೋಗದಲ್ಲಿ ಎಷ್ಟು ಜನ ಬಿಟ್ಟರು. ಅಡ್ಡ ಪರಿಣಾಮ ತಾಳದೆ ಬಿಟ್ಟವರು 12 ಮಿ.ಗ್ರಾಂ ಗುಂಪಿನಲ್ಲಿ ಶೇ. 18.2, 9 ಮಿ.ಗ್ರಾಂನಲ್ಲಿ ಶೇ. 12.2, ಪ್ಲಸೀಬೊದಲ್ಲಿ ಶೇ. 4. ತೂಕ ವಿಪರೀತ ಇಳೀತಿದೆ ಅಂತ ಬಿಟ್ಟವರೂ ಅದರಲ್ಲಿ ಇದ್ದಾರೆ. 9 ಮಿ.ಗ್ರಾಂ ಗುಂಪು ಇಳಿದದ್ದು ಶೇ. 26.4. ಕೊನೆಯ 3 ಮಿ.ಗ್ರಾಂ ಕೊಟ್ಟ ಹೆಚ್ಚುವರಿ ಲಾಭ ಶೇ. 2 ಚಿಲ್ಲರೆ. ಅದಕ್ಕೆ ತೆತ್ತ ಬೆಲೆ ಮೇಲಿನ ಸಾಲಿನಲ್ಲೇ ಇದೆ.

ಯಾಕ್‌ಸ್ವಾಮಿ
ಅಂದರೆ ನಾನು ಹೇಳಿದ್ದೇ ಸರಿ. ಎಲ್ಲಾ ಊದಿ ಹೇಳೋ ಆಟ.

ಅಂಕಿಗಣ್ಣು
ಅಲ್ಲ ಗುರು. ಯಾವ ಲೆಕ್ಕ ಹಾಕಿದರೂ ಇದು ದೊಡ್ಡ ಪರಿಣಾಮವೇ. ಎರಡನೇ ಹಂತದ ಪ್ರಯೋಗ 2023ರಲ್ಲಿ ಪ್ರಕಟ ಆಯ್ತು, ತಜ್ಞರ ವಿಮರ್ಶೆ ದಾಟಿ ಬಂದದ್ದು, ಬರೀ ಪ್ರಕಟಣೆ ಅಲ್ಲ. 338 ಜನ, ಸರಾಸರಿ 107.7 ಕೆ.ಜಿ, ಬಿಎಂಐ 37.3. 48 ವಾರಕ್ಕೆ 1 ಮಿ.ಗ್ರಾಂನಲ್ಲಿ ಶೇ. 8.7, 4ರಲ್ಲಿ 17.1, 8ರಲ್ಲಿ 22.8, 12ರಲ್ಲಿ 24.2, ಪ್ಲಸೀಬೊದಲ್ಲಿ 2.1. ಡೋಸ್ ಏರಿದ ಹಾಗೆ ಫಲ ಏರ್ತಾ ಹೋಗೋದು ಔಷಧಿ ನಿಜಕ್ಕೂ ಕೆಲಸ ಮಾಡ್ತಿದೆ ಅನ್ನೋದಕ್ಕೆ ಒಳ್ಳೆ ಸಾಕ್ಷಿ. 48 ವಾರಕ್ಕೂ ಗ್ರಾಫ್ ಚಪ್ಪಟೆ ಆಗಿರಲಿಲ್ಲ. ಹೋಲಿಕೆಗೆ: ಸೆಮಾಗ್ಲುಟೈಡ್ 2.4 ಮಿ.ಗ್ರಾಂ 68 ವಾರಕ್ಕೆ ಶೇ. 14.9, ಟಿರ್ಜೆಪಟೈಡ್ 15 ಮಿ.ಗ್ರಾಂ 72 ವಾರಕ್ಕೆ ಶೇ. 20.9. ಬೇರೆ ಬೇರೆ ಪ್ರಯೋಗಗಳ ಅಂಕಿ ಇವು, ಜನರೂ ಬೇರೆ. ನೇರ ಪೈಪೋಟಿ ಅಂತ ಓದಬೇಡಿ.

ಸಕ್ಕರೆಮೀಟರ್
ಮಧುಮೇಹ ಇದ್ದವರಿಗೆ ಇಷ್ಟೇ ಇಳಿಯುತ್ತಾ?

ಮಾತ್ರೆಮಾವ
ಇಲ್ಲ, ಈ ಗುಂಪಿನ ಎಲ್ಲಾ ಔಷಧಿಗೂ ಮಧುಮೇಹಿಗಳಲ್ಲಿ ಫಲ ಕಡಿಮೆ. ಸೆಮಾಗ್ಲುಟೈಡ್ ಶೇ. 14.9ರಿಂದ 9.6ಕ್ಕೆ, ಟಿರ್ಜೆಪಟೈಡ್ 20.9ರಿಂದ 14.7ಕ್ಕೆ ಇಳಿಯುತ್ತೆ. ರೆಟಾಟ್ರುಟೈಡ್ 12 ಮಿ.ಗ್ರಾಂ ಮಧುಮೇಹಿಗಳಲ್ಲಿ 36 ವಾರಕ್ಕೆ ಶೇ. 16.9 ತೋರಿಸಿದೆ. ಇನ್ನೊಂದು ಎಚ್ಚರ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಸಲ್ಫೊನೈಲ್‌ಯೂರಿಯಾ ಜೊತೆಗಿದ್ದರೆ ಸಕ್ಕರೆ ತೀರಾ ಕುಸಿಯೋ ಅಪಾಯ ಇದೆ. ಈ ಗುಂಪಿನ ಔಷಧಿ ಶುರು ಮಾಡುವಾಗ ವೈದ್ಯರು ಅವುಗಳ ಪ್ರಮಾಣ ತಗ್ಗಿಸೋದು ಅದಕ್ಕೇ. ಸಕ್ಕರೆ ಬಹಳ ಬೇಗ ಇಳಿದರೆ ಮೊದಲೇ ಇರೋ ಕಣ್ಣಿನ ರೆಟಿನೋಪತಿ (ಅಕ್ಷಿಪಟಲದ ಹಾನಿ) ಕೆಲವರಲ್ಲಿ ಕೆರಳುತ್ತೆ, ಕಣ್ಣು ಪರೀಕ್ಷೆ ಮೊದಲೇ ಆಗಿರಬೇಕು.

ತೂಕಡಿಕೆ
ಅಡ್ಡ ಪರಿಣಾಮ ಅಂದರೆ ವಾಂತಿ, ಮಲಬದ್ಧತೆ ಅಷ್ಟೇ ತಾನೇ? ಹಳೇವಕ್ಕೂ ಅದೇ.

ಮಾತ್ರೆಮಾವ
ಹೊಟ್ಟೆಯ ತೊಂದರೆ ಹಳೇದೇ, ಪ್ರಮಾಣ ಜಾಸ್ತಿ. ಟ್ರಯಂಫ್-4ರಲ್ಲಿ 12 ಮಿ.ಗ್ರಾಂ ತಗೊಂಡವರಲ್ಲಿ ಓಕರಿಕೆ ಶೇ. 43.2. ಹೊಟ್ಟೆ ಬಿಟ್ಟು ಗಮನಿಸಬೇಕಾದ್ದು ಎರಡು.

ಒಂದು, ಚರ್ಮದ ಸ್ಪರ್ಶ ಕೆಡೋದು. ಬಟ್ಟೆ ತಾಗಿದರೂ ಉರಿ, ಚುಚ್ಚಿದ ಹಾಗೆ, ಬಿಸಿಲಿಗೆ ಸುಟ್ಟ ಚರ್ಮ ಮುಟ್ಟಿದ ಹಾಗೆ ಅನ್ನಿಸೋದು. ವೈದ್ಯರ ಭಾಷೆಯಲ್ಲಿ ಡಿಸೆಸ್ಥೇಸಿಯಾ. 12 ಮಿ.ಗ್ರಾಂನಲ್ಲಿ ಶೇ. 20.9, 9ರಲ್ಲಿ 8.8, ಪ್ಲಸೀಬೊದಲ್ಲಿ 0.7. ಹೆಚ್ಚಿನವು ಸೌಮ್ಯ ಅಂತ ವರದಿ. ಆದರೂ ಐದರಲ್ಲಿ ಒಬ್ಬರು ಅನ್ನೋದು ಸಣ್ಣ ಅಂಕಿ ಅಲ್ಲ. ಎರಡನೇ ಹಂತದ ಸಣ್ಣ ಪ್ರಯೋಗದಲ್ಲಿ ಇದು ತೆಳ್ಳಗೆ ಕಂಡಿತ್ತು, ದೊಡ್ಡ ಡೋಸ್ ಹೆಚ್ಚು ಕಾಲ ಕೊಟ್ಟಾಗ ಎದ್ದು ಬಂತು. ಮೂರನೇ ಹಂತ ಬೇಕಾಗೋದು ಇದಕ್ಕೇ.

ಎರಡು, ಹೃದಯ ಬಡಿತ. ಎರಡನೇ ಹಂತದಲ್ಲಿ ಬಡಿತ 24ನೇ ವಾರದವರೆಗೆ ಏರಿ ಆಮೇಲೆ ಇಳಿಯಿತು. ಜಿಎಲ್‌ಪಿ-1ಕ್ಕೂ ಈ ಗುಣ ಇದೆ, ಗ್ಲುಕಗಾನ್‌ಗೂ ಇದೆ.

ಹಳೆಕಡತ
ಹೃದಯದ ಮಾತು ಬಂತಲ್ಲ, ತೂಕ ಇಳಿಸೋ ಹಳೇ ಔಷಧಿಗಳ ಜಾತಕವನ್ನೂ ನೋಡಿಬಿಡಿ. 1930ರ ದಶಕದಲ್ಲಿ ಡೈನೈಟ್ರೋಫೀನಾಲ್: ಜನ ಮೈ ಕಾವು ವಿಪರೀತ ಏರಿ ಸತ್ತರು, ಕಣ್ಣಿಗೆ ಪೊರೆ ಬಂತು. ಫೆನ್‌ಫ್ಲುರಮಿನ್: ಹೃದಯದ ಕವಾಟ ಕೆಡಿಸಿ 1997ರಲ್ಲಿ ಹೊರಗೆ. ರಿಮೋನಬಂಟ್: 2006ರಲ್ಲಿ ಯೂರೋಪಿನಲ್ಲಿ ಅನುಮತಿ, ಖಿನ್ನತೆಯ ಕಾರಣಕ್ಕೆ 2008ರಲ್ಲೇ ಮಾರಾಟ ಬಂದ್. ಸಿಬುಟ್ರಮಿನ್: ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾದದ್ದು ಕಂಡು 2010ರಲ್ಲಿ ವಾಪಸ್. ಲೋರ್ಕಸೆರಿನ್: ಕ್ಯಾನ್ಸರ್ ಅನುಮಾನ, 2020ರಲ್ಲಿ ವಾಪಸ್. ಇವುಗಳಲ್ಲಿ ಹಲವು ಪರೀಕ್ಷೆಗಳನ್ನ ದಾಟಿ ಬಂದವೇ. ತೊಂದರೆ ಕಂಡದ್ದು ಸಾವಿರಾರು ಜನ ವರ್ಷಗಟ್ಟಲೆ ನುಂಗಿದ ಮೇಲೆ.

ಜೀವರಸ
ಪಟ್ಟಿ ಸರಿ, ಆದರೆ ಎಲ್ಲವನ್ನೂ ಒಂದೇ ಮೂಟೆ ಕಟ್ಟಬೇಡಿ. ಫೆನ್‌ಫ್ಲುರಮಿನ್ ಕವಾಟ ಕೆಡಿಸಿದ್ದು ಸಿರೊಟೋನಿನ್‌ನ 2ಬಿ ರಿಸೆಪ್ಟರ್ ಮೂಲಕ. ರಿಮೋನಬಂಟ್ ಮಿದುಳಿನ ಕ್ಯಾನಬಿನಾಯ್ಡ್ ರಿಸೆಪ್ಟರ್‌ಗೇ ಬೀಗ ಹಾಕ್ತಿತ್ತು. ಇನ್‌ಕ್ರೆಟಿನ್ (ಜಿಎಲ್‌ಪಿ-1, ಜಿಐಪಿ ಥರದ ಕರುಳಿನ ಹಾರ್ಮೋನ್) ಗುಂಪಿನ ದಾರಿಯೇ ಬೇರೆ. 2005ರಿಂದ, ಈ ಗುಂಪಿನ ಮೊದಲ ಔಷಧಿ ಎಕ್ಸೆನಟೈಡ್ ಕಾಲದಿಂದ, ಬಳಕೆಯಲ್ಲಿದೆ. 2023ರಲ್ಲಿ 17,604 ಜನರ ಸೆಲೆಕ್ಟ್ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾರಣದ ಸಾವು ಮೂರನ್ನೂ ಸೇರಿಸಿದ ಲೆಕ್ಕವನ್ನ ಶೇ. 20 ತಗ್ಗಿಸಿತು.

ಹಳೆಕಡತ
ಅದು ಸೆಮಾಗ್ಲುಟೈಡ್‌ನ ಪುಣ್ಯ. ಗ್ಲುಕಗಾನ್ ಸೇರಿದ ಔಷಧಿಗೆ ಅದನ್ನ ಸಾಲ ಕೊಡೋಕೆ ಬರಲ್ಲ.

ಅಂಕಿಗಣ್ಣು
☝ ಇದು ಸರಿಯಾದ ಮಾತು.

ಸೂಜಿಮೊನೆ
ಡೋಸ್ ಯಾಕೆ ನಾಲ್ಕು ವಾರಕ್ಕೊಮ್ಮೆ ಏರಿಸ್ತಾರೆ? ನೇರ 12 ಕೊಟ್ಟರೆ ಬೇಗ ಇಳಿಯಲ್ವಾ?

ಮಾತ್ರೆಮಾವ
ಲೆಕ್ಕ ಹಾಕಿ ನೋಡಿ. ಅರ್ಧಾಯುಷ್ಯ 6 ದಿನ, ಚುಚ್ಚೋದು 7 ದಿನಕ್ಕೊಮ್ಮೆ. ಮುಂದಿನ ಸೂಜಿ ಹೊತ್ತಿಗೆ ಹಳೇದರ ಶೇ. 45ರಷ್ಟು ಇನ್ನೂ ಒಳಗೇ ಇರುತ್ತೆ. ಹೀಗೆ ಮೇಲೆ ಮೇಲೆ ಸೇರಿ, ನಾಲ್ಕೈದು ವಾರಕ್ಕೆ ರಕ್ತದ ಮಟ್ಟ ಮೊದಲ ಡೋಸ್‌ನ ಸುಮಾರು 1.8 ಪಟ್ಟಿಗೆ ಬಂದು ನಿಲ್ಲುತ್ತೆ. ಮೊದಲ ವಾರ ಏನೂ ಆಗಲಿಲ್ಲ ಅಂತ ಎರಡನೇ ವಾರಕ್ಕೇ ಏರಿಸಿದರೆ ಹಳೆ ಡೋಸ್‌ನ ಪೂರ್ತಿ ಪರಿಣಾಮ ಬರೋ ಮುಂಚೆ ಹೊಸದನ್ನ ಹೇರಿದ ಹಾಗೆ. ಮೂರನೇ ಹಂತದ ಮೆಟ್ಟಿಲು 2, 4, 6, 9, 12. ಪ್ರತಿ ಮೆಟ್ಟಿಲಲ್ಲೂ 4 ವಾರ. ಎರಡನೇ ಹಂತದಲ್ಲಿ 4 ಮಿ.ಗ್ರಾಂನಿಂದ ಶುರು ಮಾಡಿದವರಿಗೆ 2ರಿಂದ ಶುರು ಮಾಡಿದವರಿಗಿಂತ ಹೊಟ್ಟೆ ತೊಂದರೆ ಹೆಚ್ಚಿತ್ತು.

ತಪ್ಪಿದ ಡೋಸ್‌ಗೂ ಇದೇ ಲೆಕ್ಕ. ಕೊನೇ ಸೂಜಿಯಾಗಿ ಮೂರು ವಾರ ಕಳೆದರೆ ಅದರಲ್ಲಿ ಉಳಿಯೋದು ಶೇ. 9. ಮಿದುಳಿನ ಅಭ್ಯಾಸವೂ ಹೋಗಿರುತ್ತೆ. ಆಗ ಮತ್ತೆ ದೊಡ್ಡ ಡೋಸ್‌ನಿಂದ ಶುರು ಮಾಡಿದರೆ ವಾಂತಿ ಗ್ಯಾರಂಟಿ. ವಾಂತಿಗಿಂತ ಕೆಟ್ಟದ್ದು ಅದರಿಂದಾಗೋ ನಿರ್ಜಲೀಕರಣ, ಮೂತ್ರಪಿಂಡಕ್ಕೆ ಪೆಟ್ಟು ಬೀಳೋದು ಅಲ್ಲಿಂದ.

ಸೂಜಿಮೊನೆ
ಆನ್‌ಲೈನಲ್ಲಿ "ಸಂಶೋಧನೆಗೆ ಮಾತ್ರ" ಅಂತ ಸೀಸೆಯಲ್ಲಿ ಪುಡಿ ಸಿಗುತ್ತಲ್ಲ. ಶುದ್ಧತೆ ಶೇ. 99 ಅಂತ ಸರ್ಟಿಫಿಕೇಟೂ ಕೊಡ್ತಾರೆ.

ಮಾತ್ರೆಮಾವ
ಬೇಡವೇ ಬೇಡ. ಆ ಸರ್ಟಿಫಿಕೇಟ್ ನಿಜವೇ ಅಂದುಕೊಂಡರೂ ಅದು ಎಚ್‌ಪಿಎಲ್‌ಸಿ ಪರೀಕ್ಷೆಯದ್ದು. ಪೆಪ್ಟೈಡ್ ಭಾಗದಲ್ಲಿ ಬೇಕಾದ ಪೆಪ್ಟೈಡ್ ಎಷ್ಟು ಪಾಲು ಅಂತ ಮಾತ್ರ ಹೇಳುತ್ತೆ. ಸೀಸೆಯಲ್ಲಿ 10 ಮಿ.ಗ್ರಾಂ ಇದೆಯೋ 14 ಇದೆಯೋ, ರೋಗಾಣು ಇದೆಯೋ, ಬ್ಯಾಕ್ಟೀರಿಯಾದ ವಿಷ ಎಂಡೋಟಾಕ್ಸಿನ್ ಇದೆಯೋ, ಅದು ಹೇಳಲ್ಲ. ಪರೀಕ್ಷೆಗೆ ಹೋದ ಸೀಸೆ ಮತ್ತು ಕೈಗೆ ಬಂದ ಸೀಸೆ ಒಂದೇ ಬ್ಯಾಚ್ ಅನ್ನೋದಕ್ಕೂ ಖಾತ್ರಿ ಇಲ್ಲ.

ಇದರ ಮೇಲೆ ಅಳತೆಯ ಗೊಂದಲ. ಇನ್ಸುಲಿನ್ ಸಿರಿಂಜ್ ಮೇಲಿನ ಗೆರೆ ಯೂನಿಟ್‌ನದ್ದು, 100 ಯೂನಿಟ್ ಅಂದರೆ 1 ಮಿ.ಲೀ. ಅದು ದ್ರವದ ಅಳತೆ, ಔಷಧಿಯದ್ದಲ್ಲ. ಅದೇ 10 ಮಿ.ಗ್ರಾಂ ಪುಡಿಯನ್ನ 1 ಮಿ.ಲೀ.ನಲ್ಲಿ ಕರಗಿಸಿದರೆ 20 ಯೂನಿಟ್‌ನಲ್ಲಿ 2 ಮಿ.ಗ್ರಾಂ, 2 ಮಿ.ಲೀ.ನಲ್ಲಿ ಕರಗಿಸಿದರೆ 1 ಮಿ.ಗ್ರಾಂ. ಒಬ್ಬರ ಯೂನಿಟ್ ಲೆಕ್ಕ ಇನ್ನೊಬ್ಬರು ನಕಲು ಮಾಡಿದರೆ ಡೋಸ್ ದುಪ್ಪಟ್ಟು. ಮಿ.ಗ್ರಾಂ ಸಂಖ್ಯೆಯನ್ನೇ ಮಿ.ಲೀ. ಅಂತ ಓದಿದರೆ ಎಷ್ಟೋ ಪಟ್ಟು. 6 ದಿನದ ಅರ್ಧಾಯುಷ್ಯದ ಔಷಧಿ ಒಳಗೆ ಹೋದ ಮೇಲೆ ಹೊರಗೆ ತೆಗೆಯೋ ದಾರಿ ಇಲ್ಲ, ಪ್ರತಿವಿಷವೂ ಇಲ್ಲ. ರೆಟಾಟ್ರುಟೈಡನ್ನ ಔಷಧಿ ಅಂಗಡಿಗಳು ಕಲಸಿ ಕೊಡೋ ಹಾಗಿಲ್ಲ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಕಾನೂನಾಗಿ ಇದು ಸಿಗೋದು ಪ್ರಯೋಗಕ್ಕೆ ಸೇರಿದವರಿಗೆ ಮಾತ್ರ.

ಯಾಕ್‌ಸ್ವಾಮಿ
ಬಿಟ್ಟರೆ ತೂಕ ವಾಪಸ್ ಬರುತ್ತೆ ತಾನೇ? ಹಾಗಾದರೆ ಏನು ಬಂತು ಭಾಗ್ಯ?

ಜೀವರಸ
ಬರುತ್ತೆ. ಟಿರ್ಜೆಪಟೈಡ್ 36 ವಾರ ತಗೊಂಡು ಶೇ. 20.9 ಇಳಿದವರಲ್ಲಿ ಪ್ಲಸೀಬೊಗೆ ಬದಲಾದವರು ಮುಂದಿನ ಒಂದು ವರ್ಷದಲ್ಲಿ ಶೇ. 14 ಏರಿದರು. ಸೆಮಾಗ್ಲುಟೈಡ್ ಬಿಟ್ಟವರಿಗೆ ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಪಾಲು ವಾಪಸ್. ಕಾರಣ ಮನೋಬಲದ ಕೊರತೆ ಅಲ್ಲ. 2016ರ ಒಂದು ಲೆಕ್ಕಾಚಾರದ ಪ್ರಕಾರ ಪ್ರತಿ ಕೆ.ಜಿ ಇಳಿಕೆಗೆ ಹಸಿವು ದಿನಕ್ಕೆ ಸುಮಾರು 100 ಕಿಲೋಕ್ಯಾಲೊರಿಯಷ್ಟು ಏರುತ್ತೆ, ಶಕ್ತಿ ಖರ್ಚು 20ರಿಂದ 30 ಇಳಿಯುತ್ತೆ. 10 ಕೆ.ಜಿ ಇಳಿದವರ ದೇಹ ದಿನಕ್ಕೆ 1000 ಕಿಲೋಕ್ಯಾಲೊರಿ ಹೆಚ್ಚು ಕೇಳ್ತಿರುತ್ತೆ. ಔಷಧಿ ಆ ಒತ್ತಡವನ್ನ ಅದುಮಿ ಹಿಡಿದಿರುತ್ತೆ. ತೂಕ ಒಂದು ಮಟ್ಟಕ್ಕೆ ಬಂದು ನಿಲ್ಲೋದೂ ಇದೇ ಕಾರಣಕ್ಕೆ: ಔಷಧಿಯ ತಳ್ಳುವಿಕೆ, ಹಸಿವಿನ ಎಳೆತ ಸಮ ಆದಲ್ಲಿ ನಿಂತುಬಿಡುತ್ತೆ. ಔಷಧಿ ಕೆಲಸ ನಿಲ್ಲಿಸಿತು ಅಂತ ಅರ್ಥ ಅಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟಾಗ ಒತ್ತಡ ಏರಿದರೆ "ಏನು ಬಂತು ಭಾಗ್ಯ" ಅಂತ ಯಾರೂ ಕೇಳಲ್ಲ.

ತೂಕಡಿಕೆ
ಇಳಿಯೋದೆಲ್ಲ ಕೊಬ್ಬೇನಾ?

ಜೀವರಸ
ಅಲ್ಲ. ಸೆಮಾಗ್ಲುಟೈಡ್‌ನ ಡೆಕ್ಸಾ ಸ್ಕ್ಯಾನ್ (ಕೊಬ್ಬನ್ನ ಬೇರೆ ಮಾಡಿ ಅಳೆಯೋ ಎಕ್ಸ್‌ರೇ) ಉಪಅಧ್ಯಯನದಲ್ಲಿ ಇಳಿದ ತೂಕದ ಶೇ. 40ರ ಹತ್ತಿರ ಕೊಬ್ಬಲ್ಲದ ಭಾಗ. ಅದೆಲ್ಲ ಸ್ನಾಯು ಅಲ್ಲ, ನೀರು, ಅಂಗಾಂಗ ಎಲ್ಲ ಸೇರಿ. ಆದರೂ ವಯಸ್ಸಾದವರಿಗೆ ಇದು ಚಿಂತೆಯ ವಿಷಯವೇ. ದಿನಕ್ಕೆ ಕೆ.ಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್, ವಾರಕ್ಕೆ ಎರಡು ಮೂರು ಸಲ ಭಾರ ಎತ್ತೋ ವ್ಯಾಯಾಮ ಅಂತ ಸಾಮಾನ್ಯ ಸಲಹೆ. ಕಷ್ಟ ಏನಂದರೆ ಹಸಿವೇ ಇಲ್ಲದವರು ಪ್ರೋಟೀನನ್ನೇ ಮೊದಲು ಬಿಡ್ತಾರೆ. ತಟ್ಟೆಯಲ್ಲಿ ಅದನ್ನೇ ಮೊದಲು ತಿನ್ನಿ ಅಂತ ಹೇಳೋದು ಅದಕ್ಕೇ.

ಪಿತ್ತಕೋಶದ ಕಲ್ಲೂ ಲೆಕ್ಕದಲ್ಲಿರಲಿ, ತೂಕ ವೇಗವಾಗಿ ಇಳಿದಷ್ಟೂ ಅದರ ಅಪಾಯ ಜಾಸ್ತಿ. ಮೇಲ್ಹೊಟ್ಟೆ ನೋವು ಬೆನ್ನಿಗೆ ಹರಿದು ವಾಂತಿಯೂ ಬಂದರೆ ಮೇದೋಜೀರಕದ ಉರಿಯೂತ ಇರಬಹುದು, ಕಾಯಬಾರದು.

ನಿದ್ದೆಡಾಕ್ಟ್ರು
ಅರಿವಳಿಕೆ ಕಡೆಯಿಂದ ಒಂದು ಮಾತು. ಈ ಗುಂಪಿನ ಯಾವ ಔಷಧಿ ತಗೊಳ್ತಿದ್ದರೂ ಆಪರೇಷನ್ ಅಥವಾ ಎಂಡೋಸ್ಕೋಪಿಗೆ ಮುಂಚೆ ಹೇಳಿಬಿಡಿ. ಉಪವಾಸ ಇದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರುತ್ತೆ, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಒಂದು ವಾರ ಮುಂಚೆ ನಿಲ್ಲಿಸಿ ಅಂದಿತ್ತು. 2024ರ ಜಂಟಿ ಸಲಹೆಯಲ್ಲಿ ಹೆಚ್ಚಿನವರು ಮುಂದುವರಿಸಬಹುದು, ಅಪಾಯ ಹೆಚ್ಚಿರೋರು 24 ಗಂಟೆ ದ್ರವಾಹಾರದಲ್ಲಿರಲಿ ಅಂತ ಬದಲಾಯ್ತು. ಡೋಸ್ ಏರಿಸ್ತಿರೋ ಹಂತದವರು, ಓಕರಿಕೆ ಇರೋರು ಹೆಚ್ಚಿನ ಅಪಾಯದವರು.

ಮಾತ್ರೆಮಾವ
ಗರ್ಭನಿರೋಧಕ ಮಾತ್ರೆಯದ್ದೂ ಸೇರಿಸಿ. ಟಿರ್ಜೆಪಟೈಡ್ ಲೇಬಲ್ಲಿನಲ್ಲೇ ಇದೆ: ಶುರು ಮಾಡಿದ ಮೇಲೆ 4 ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೂ 4 ವಾರ, ಕಾಂಡೋಮ್ ಥರದ ಇನ್ನೊಂದು ವಿಧಾನ ಜೊತೆಗಿರಬೇಕು. ಹೊಟ್ಟೆ ನಿಧಾನ ಆದಾಗ ಮಾತ್ರೆ ಸರಿಯಾಗಿ ಹೀರಿಕೆ ಆಗಲ್ಲ. ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿ ಇದ್ದವರಿಗೆ ಈ ಔಷಧಿಗಳು ನಿಷಿದ್ಧ, ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ಕಂಡದ್ದರಿಂದ.

ಸಕ್ಕರೆಮೀಟರ್
ವಿಷಯ ಸ್ವಲ್ಪ ಆಚೆ. ಸೂಜಿ ಬೇಡ, ಮಾತ್ರೆ ಇಲ್ವಾ?

ಜೀವರಸ
ಓರ್ಫೊರ್ಗ್ಲಿಪ್ರಾನ್ ಇದೆ. ಪೆಪ್ಟೈಡ್ ಅಲ್ಲದ ಸಣ್ಣ ಅಣು, ಜಠರದಲ್ಲಿ ಜೀರ್ಣ ಆಗಲ್ಲ, ಊಟ ನೀರಿನ ಕಟ್ಟುಪಾಡೂ ಇಲ್ಲ. ಆದರೆ ಅದು ಜಿಎಲ್‌ಪಿ-1 ಒಂದನ್ನೇ ಮುಟ್ಟೋದು. 36 ಮಿ.ಗ್ರಾಂ, 72 ವಾರ, ಶೇ. 11.2.

ಅಂಕಿಗಣ್ಣು
ಅದು ಬಿಟ್ಟವರನ್ನೂ ಸೇರಿಸಿದ ಲೆಕ್ಕ. ಪ್ರಕಟಣೆಯಲ್ಲಿ 12.4 ಅಂತ ಬಂದಿತ್ತು. ನೋಡಿ, ಮತ್ತೆ ಅದೇ ಕಥೆ 😀

ಸಕ್ಕರೆಮೀಟರ್
ಸೆಮಾಗ್ಲುಟೈಡ್ ಮಾತ್ರೆಗೆ ಮಾತ್ರ ಯಾಕೆ ಅಷ್ಟೊಂದು ನಿಯಮ?

ಮಾತ್ರೆಮಾವ
ಅದು ಪೆಪ್ಟೈಡೇ, ಜಠರದಲ್ಲಿ ಚೂರಾಗುತ್ತೆ. ಸ್ನ್ಯಾಕ್ ಅನ್ನೋ ಸಹಾಯಕ ರಾಸಾಯನಿಕ ಮಾತ್ರೆಯ ಸುತ್ತ ಆಮ್ಲವನ್ನ ಸ್ವಲ್ಪ ಹೊತ್ತು ತಗ್ಗಿಸಿ ಜಠರದ ಗೋಡೆಯಿಂದಲೇ ಒಳಗೆ ನುಗ್ಗಿಸುತ್ತೆ. ಹೀರಿಕೆ ಆಗೋದು ಶೇ. 1ರ ಆಸುಪಾಸು. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆ, 120 ಮಿ.ಲೀ. ಮೀರದ ನೀರು, ಆಮೇಲೆ ಕನಿಷ್ಠ 30 ನಿಮಿಷ ಏನೂ ಬೇಡ.

ಸಕ್ಕರೆಮೀಟರ್
ಬೇರೆ ಮಾತ್ರೆಗಳನ್ನ ಜೊತೆಗೇ ನುಂಗಿದರೆ?

ಮಾತ್ರೆಮಾವ
ಬೇಡ. ಅವೂ 30 ನಿಮಿಷ ಆದ ಮೇಲೆ. ಥೈರಾಕ್ಸಿನ್ ತಗೊಳ್ಳೋರು ವೈದ್ಯರ ಹತ್ತಿರ ಕೇಳಿ ಹೊತ್ತು ಹೊಂದಿಸಿಕೊಳ್ಳಿ, ಅದೂ ಖಾಲಿ ಹೊಟ್ಟೆಯದ್ದೇ.